ಬರದಲ್ಲೂ ಹಸಿರಾಗಿದ್ದ ಫೆಸ್ಕ್ಯೂ ಹುಲ್ಲು, ಅದರ ಬೀಜದ ಸಸಿಗಳು ಮಾತ್ರ ಒಣಗುತ್ತಿವೆ. ಯಾಕೆ?

ಪ್ರಶ್ನೆ:
ನಮಸ್ಕಾರ. ಟಾಲ್ ಫೆಸ್ಕ್ಯೂ ಮೇವಿನ ಹುಲ್ಲಿನಲ್ಲಿ ಬರ ತಡೆಯುವ ತಳಿ ಬೆಳೆಸಲು ಹೊರಟಿದ್ದೇನೆ. ಮಳೆ ಕೈಕೊಟ್ಟಾಗ ತಾಕಿನ ಹುಲ್ಲೆಲ್ಲ ಕಂದಾಯಿತು, ಕೆಲವು ಬುಡಗಳು ಮಾತ್ರ ಹಸಿರಾಗಿ ಉಳಿದವು. ಗುರುತು ಹಾಕಿಟ್ಟು, ತೆನೆ ಬಲಿತ ಮೇಲೆ ಅವುಗಳ ಬೀಜವನ್ನಷ್ಟೇ ಬಿಡಿಸಿಕೊಂಡೆ. ಎರಡು ಬೇಸಿಗೆ ಕಳೆದ ಮೇಲೆ ಬಿತ್ತಿದೆ. ಮೊಳಕೆ ಚೆನ್ನಾಗಿಯೇ ಬಂತು. ಆದರೆ ನೀರು ನಿಲ್ಲಿಸಿದಾಗ ಇವೂ ಮಾಮೂಲಿ ಬೀಜದ ಸಸಿಗಳೂ ಒಟ್ಟಿಗೇ ಎಲೆ ಸುತ್ತಿಕೊಂಡು ಒಣಗಿದವು. ತಾಯಿ ಬುಡಗಳು ಈಗಲೂ ಗಟ್ಟಿಯಾಗಿವೆ. ಆ ಗುಣ ಎಲ್ಲಿ ಹೋಯಿತು?

ಉತ್ತರ 1:
ಹೂ ಬಿಡುವಾಗಲೂ ತಾಯಿ ಬುಡಗಳು ಅದೇ ತಾಕಿನಲ್ಲಿ ಇದ್ದವಾ? ಫೆಸ್ಕ್ಯೂಗೆ ಗಾಳಿಯಲ್ಲಿ ಪರಾಗ ಬರುತ್ತದೆ. ತನ್ನದೇ ಪರಾಗದಿಂದ ಅದು ಬೀಜ ಕಟ್ಟುವುದು ತೀರಾ ಕಡಿಮೆ. ಅಂದರೆ ನಿಮ್ಮ ಸಸಿಗಳ ತಂದೆ ಸುತ್ತಲಿನ ಆಯ್ಕೆಯಾಗದ ಹುಲ್ಲೇ. ತಾಯಿಯನ್ನು ಮಾತ್ರ ಆರಿಸಿದರೆ ಸಿಗಬೇಕಾದ ಲಾಭದಲ್ಲಿ ಅರ್ಧವಷ್ಟೇ ಸಿಗುತ್ತದೆ. ಆಯ್ದ ಬುಡಗಳ ತೆಂಡೆ (ಬುಡದಿಂದ ಒಡೆಯುವ ಮರಿಗಿಡ) ಬಿಡಿಸಿ, ಬೇರೆ ಫೆಸ್ಕ್ಯೂ ಇಲ್ಲದ ಕಡೆ ಒಟ್ಟಿಗೆ ನೆಡಿ. ಅವು ತಮ್ಮತಮ್ಮಲ್ಲೇ ಪರಾಗ ಹಂಚಿಕೊಳ್ಳಲಿ. ಒಂದೊಂದು ತಾಯಿಯ ಬೀಜವನ್ನೂ ಬೇರೆಬೇರೆಯಾಗಿ ಇಡಿ.

ಉತ್ತರ 2:
ಮಣ್ಣನ್ನೂ ನೋಡಿ. ಹಸಿರಾಗಿದ್ದ ಬುಡದ ಕೆಳಗೆ ಮಣ್ಣು ಆಳವಾಗಿದ್ದಿರಬಹುದು. ಹಾಗಿದ್ದರೆ ನೀವು ಆರಿಸಿದ್ದು ಗಿಡವನ್ನಲ್ಲ, ಜಾಗವನ್ನು. ಒಂದೇ ಬುಡದ ತೆಂಡೆಗಳನ್ನು ತಾಕಿನ ಬೇರೆಬೇರೆ ಕಡೆ ನೆಟ್ಟರೆ ಗೊತ್ತಾಗುತ್ತದೆ. ಚಿಕ್ಕ ಕುಂಡದಲ್ಲಿ ನೀರು ನಿಲ್ಲಿಸಿ ಪರೀಕ್ಷಿಸಿದ್ದರೆ ಅದನ್ನೂ ಪೂರ್ತಿ ನಂಬಬೇಡಿ. ಅಲ್ಲಿ ದೊಡ್ಡ ಗಿಡ ಬೇಗ ನೀರು ಮುಗಿಸಿ ಬಾಡುತ್ತದೆ. ಸಣ್ಣದು ಸುಮ್ನೆ ನಿಧಾನಕ್ಕೆ ಕುಡಿದು ಬರ ತಡೆಯುವಂತೆ ಕಾಣುತ್ತದೆ.

ಉತ್ತರ 3:
ಮೇಲಿನ ಎರಡೂ ಸರಿ. ಆದರೆ ನಿಮ್ಮ ಮಾತಿನಲ್ಲಿ ನನಗೆ ಎದ್ದು ಕಂಡಿದ್ದು 'ಎರಡು ಬೇಸಿಗೆ ಕಳೆದ ಮೇಲೆ' ಅನ್ನುವುದು. ಬೀಜವನ್ನು ಎಲ್ಲಿಟ್ಟಿದ್ದಿರಿ?

ಪ್ರಶ್ನೆ ಕೇಳಿದವರು:
ಬಟ್ಟೆ ಚೀಲದಲ್ಲಿ, ಮಾಮೂಲಿ ಕೋಣೆಯಲ್ಲೇ. ಬೇಸಿಗೆಯಲ್ಲಿ ಆ ಕೋಣೆ ಚೆನ್ನಾಗಿ ಕಾಯುತ್ತದೆ.

ಉತ್ತರ 3:
ಹಾಗಾದರೆ ಶಿಲೀಂಧ್ರವನ್ನು ಮೊದಲು ನೋಡಿ. ಟಾಲ್ ಫೆಸ್ಕ್ಯೂ ಒಳಗೆ ಎಪಿಕ್ಲೋಯಿ ಅನ್ನುವ ಶಿಲೀಂಧ್ರ ಬದುಕಿರುತ್ತದೆ. ಹೊರಗೆ ಯಾವ ಗುರುತೂ ಕಾಣುವುದಿಲ್ಲ. ಬರದಲ್ಲಿ ಹುಲ್ಲು ಉಳಿಯಲು ಇದು ಎಷ್ಟೋ ಕಡೆ ದೊಡ್ಡ ಆಸರೆ. ಇದು ತಾಯಿಯಿಂದ ಬೀಜದೊಳಗೆ ದಾಟುತ್ತದೆ, ಪರಾಗದಿಂದ ಬರುವುದಿಲ್ಲ. ಬೀಜವನ್ನು ಬಿಸಿ, ತೇವ ಇರುವ ಕಡೆ ಒಂದೆರಡು ವರ್ಷ ಇಟ್ಟರೆ ಶಿಲೀಂಧ್ರ ಸಾಯುತ್ತದೆ, ಬೀಜ ಮಾತ್ರ ಮೊಳೆಯುತ್ತದೆ. ನಿಮ್ಮಲ್ಲಿ ಮೊಳಕೆ ಚೆನ್ನಾಗಿ ಬಂದು ಆಮೇಲೆ ಸೋತದ್ದು ಇದಕ್ಕೆ ಸರಿಹೊಂದುತ್ತದೆ.

ಪರೀಕ್ಷೆ ಕಷ್ಟವಲ್ಲ. ತೆಂಡೆಯ ಬುಡದಲ್ಲಿ, ಕಾಂಡ ಸುತ್ತಿರುವ ಎಲೆಯ ಕವಚ ಬಿಡಿಸಿ. ಇನ್ನೂ ಹಸಿರಾಗಿರುವ ಕವಚದ ಒಳಮೈಯಿಂದ ತೆಳುವಾದ ಸಿಪ್ಪೆ ಎತ್ತಿ ಗಾಜಿನ ಮೇಲಿಟ್ಟು, ಅನಿಲೀನ್ ಬ್ಲೂ ಅನ್ನುವ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಜೀವಕೋಶಗಳ ನಡುವೆ, ಅವುಗಳ ಉದ್ದಕ್ಕೇ ಹೊಲಿಗೆಯ ನೂಲಿನಂತೆ ಅಂಕುಡೊಂಕಾಗಿ ಹೋಗುವ ನೀಲಿ ಎಳೆ ಕಂಡರೆ ಅದೇ. ಅದಕ್ಕೆ ಕವಲು ತುಂಬಾ ಕಡಿಮೆ. ತಾಯಿಯಲ್ಲೂ ಸಸಿಯಲ್ಲೂ ನೋಡಿ. ಬೀಜಕ್ಕೆ ಬಣ್ಣ ಹಾಕಿ ತೀರ್ಮಾನಿಸಬೇಡಿ, ಸತ್ತ ಎಳೆಯೂ ಅದರಲ್ಲಿ ನೀಲಿಯಾಗಿಯೇ ಕಾಣುತ್ತದೆ. ಬಿತ್ತಿ ಆರರಿಂದ ಎಂಟು ವಾರ ಬೆಳೆದ ಸಸಿಯೇ ನಂಬಿಕೆಗೆ ತಕ್ಕದ್ದು.

ಪ್ರಶ್ನೆ ಕೇಳಿದವರು:
ನೋಡಿದೆ. ಗುರುತು ಹಾಕಿದ ತಾಯಿಗಳಲ್ಲಿ ಎಳೆಗಳಿವೆ. ಸಸಿಗಳಲ್ಲಿ ಒಂದೂ ಸಿಗಲಿಲ್ಲ. ಹಾಗಾದರೆ ತಾಯಿಗಳಿಗೆ ಸ್ವಂತ ಶಕ್ತಿಯೇ ಇಲ್ವಾ?

ಉತ್ತರ 3:
ಹಾಗೆ ಹೇಳಲಾಗದು, ಎರಡೂ ಇರಬಹುದು. ಒಂದೇ ತಾಯಿಯ ತೆಂಡೆಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಗಿಡದೊಳಗೆ ಹರಡುವ ಶಿಲೀಂಧ್ರನಾಶಕ ಕೊಡಿ. ಹೊಸ ತೆಂಡೆಗಳಲ್ಲಿ ಎಳೆ ಹೋಗಿದೆ ಅಂತ ಬಣ್ಣ ಹಾಕಿ ಖಾತ್ರಿ ಮಾಡಿಕೊಳ್ಳಿ. ಮದ್ದಿನ ಪ್ರಭಾವ ಇಳಿದು ಗಿಡ ಚೇತರಿಸಿದ ಮೇಲೆ ಎರಡು ಗುಂಪಿಗೂ ನೀರು ನಿಲ್ಲಿಸಿ. ವಂಶಗುಣ ಒಂದೇ, ಶಿಲೀಂಧ್ರ ಮಾತ್ರ ಬೇರೆ. ಶಿಲೀಂಧ್ರ ಇಲ್ಲದೆಯೂ ಯಾವ ತಾಯಿ ಗಟ್ಟಿಯಾಗಿ ನಿಲ್ಲುತ್ತದೋ ಅದನ್ನು ಮುಂದಿನ ಸುತ್ತಿಗೆ ಬಳಸಿ. ನನ್ನ ಮಟ್ಟಿಗೆ ಈ ಒಂದು ಪರೀಕ್ಷೆ ಬಿಟ್ಟು ಮುಂದೆ ಹೋಗುವುದು ಸರಿಯಲ್ಲ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಈ ಶಿಲೀಂಧ್ರದ ಸಾಮಾನ್ಯ ಬಗೆಗಳು ಎರ್ಗೊವ್ಯಾಲಿನ್ ಅನ್ನುವ ವಿಷ ಮಾಡುತ್ತವೆ. ದನಗಳಿಗೆ ಬಿಸಿಲು ತಡೆಯದು, ಹಾಲು ಇಳಿಯುತ್ತದೆ, ಚಳಿಗಾಲದಲ್ಲಿ ಕಾಲು, ಬಾಲದ ತುದಿ ಕೊಳೆಯುವುದೂ ಇದೆ. ಅಮೆರಿಕದಲ್ಲಿ 1943ರಲ್ಲಿ ಬಿಡುಗಡೆಯಾದ ಕೆಂಟಕಿ 31 ತಳಿ ತುಂಬಾ ಗಟ್ಟಿ ಅಂತಲೇ ಹರಡಿತು. ದನಗಳ ಕಾಯಿಲೆಗೂ ಈ ಶಿಲೀಂಧ್ರಕ್ಕೂ ಇರುವ ನಂಟು ಹೊರಬಂದದ್ದು 1970ರ ದಶಕದಲ್ಲಿ. ವಿಷ ಪರೀಕ್ಷೆ ಆಗುವವರೆಗೆ ಆ ತಾಯಿಗಳ ಹುಲ್ಲನ್ನು ಮೇಯಿಸಬೇಡಿ. ದನಕ್ಕೆ ಈ ವಿಷ ಮಾಡದ ಬಗೆಗಳೂ ಇವೆ, ಅವನ್ನು ಸೇರಿಸಿದ ಫೆಸ್ಕ್ಯೂ ಬೀಜ ಮಾರಾಟದಲ್ಲೂ ಇದೆ.

ಈ ಸಲದ ಬೀಜವನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿನೊಳಗೆ ಇಡಿ. ತಾಯಿ ಬುಡಗಳನ್ನು ಆಗಾಗ ತೆಂಡೆ ಬಿಡಿಸಿ ನೆಡುತ್ತಿರಿ. ತೆಂಡೆಯ ಜೊತೆ ಶಿಲೀಂಧ್ರವೂ ಬರುತ್ತದೆ, ಹಾಗಾಗಿ ಹೋಲಿಸಿ ನೋಡಲು ಮೂಲ ಗಿಡ ಸದಾ ಕೈಯಲ್ಲಿರುತ್ತದೆ.