ಸಹಾಯ ಬೇಕು: ಸ್ಟಾರ್ಟಪ್ ನಡೆಸುವವರು ಈ ಅನುಮಾನವನ್ನು ಹೇಗೆ ನಿಭಾಯಿಸುತ್ತೀರಿ?

ಎಲ್ಲರಿಗೂ ನಮಸ್ಕಾರ. ಸಣ್ಣ ವ್ಯಾಪಾರಿಗಳ ಲೆಕ್ಕ ಇಡುವ ಆ್ಯಪ್ ಶುರು ಮಾಡಿ ಎರಡು ವರ್ಷವಾಯಿತು. ನಾವು ಇಬ್ಬರೇ ಇದ್ದೇವೆ. ರಾತ್ರಿ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ 'ಇದು ನನ್ನ ಕೈಲಾಗುವ ಕೆಲಸವಾ?' ಅನ್ನೋ ಪ್ರಶ್ನೆ ಶುರುವಾಗುತ್ತದೆ. ನಿದ್ದೆ ಹತ್ತುವುದಿಲ್ಲ.

ಒಳ್ಳೆಯದೂ ಆಗುತ್ತಿದೆ. ಹೋದ ವಾರ ಒಬ್ಬ ಗ್ರಾಹಕರು ಫೋನ್ ಮಾಡಿ, "ತಿಂಗಳ ಲೆಕ್ಕ ಮಧ್ಯಾಹ್ನಕ್ಕೇ ಮುಗೀತು, ಮಗಳ ಜೊತೆ ಆಟ ಆಡ್ತಿದ್ದೀನಿ" ಅಂದರು. ಹಿಂದೆ ಮಗುವಿನ ನಗು ಕೇಳಿಸುತ್ತಿತ್ತು. ಫೋನ್ ಇಟ್ಟು ಐದು ನಿಮಿಷ ಸುಮ್ನೆ ಕೂತಿದ್ದೆ. ಸಂಜೆ ಇನ್ನೊಬ್ಬರು ಸಬ್‌ಸ್ಕ್ರಿಪ್ಷನ್ ನಿಲ್ಲಿಸಿದ ಇಮೇಲ್ ಬಂತು. ಆ ಖುಷಿ ಅಲ್ಲಿಗೇ ಹೋಯಿತು.

ಈಗ ಜಾಸ್ತಿ ಕೇಳುವುದು ಹಿಂದೂಸ್ತಾನಿ ಗಾಯಕ ಭೀಮಸೇನ ಜೋಶಿಯವರನ್ನು. ಗುರುವನ್ನು ಹುಡುಕಿಕೊಂಡು 11ನೇ ವಯಸ್ಸಿಗೇ ಮನೆ ಬಿಟ್ಟವರು. ವಿಲಂಬಿತ್ ಖಯಾಲ್‌ನಲ್ಲಿ, ಅಂದರೆ ನಿಧಾನ ಗತಿಯ ಗಾಯನದಲ್ಲಿ, ಕೆಲವೇ ಸ್ವರಗಳ ಮೇಲೆ ಎಷ್ಟೋ ಹೊತ್ತು ನಿಲ್ಲುತ್ತಾರೆ, ಅವಸರವೇ ಇಲ್ಲ. ಆ ನಿಧಾನ ನನಗೂ ಬೇಕು.

ಕಂಪನಿ ಕಟ್ಟುತ್ತಿರುವವರು ದಯವಿಟ್ಟು ಹೇಳಿ. ಸಣ್ಣ ಗೆಲುವುಗಳನ್ನು ಎಲ್ಲಾದರೂ ಬರೆದಿಡುತ್ತೀರಾ? ಈ ಅನುಮಾನವನ್ನು ಜೊತೆಗಾರರ ಹತ್ತಿರ ಹೇಳಿಕೊಳ್ಳಬಹುದಾ, ಇಲ್ಲ ಅವರೂ ಕುಗ್ಗಿಬಿಡ್ತಾರಾ? ನನ್ನನ್ನು ಜಾಸ್ತಿ ಕಾಡುತ್ತಿರುವುದು ಇದೇ. ಕೆಲಸ ಮಾಡುವಾಗ ಕೇಳಲು ಒಳ್ಳೆಯ ವಾದ್ಯ ಸಂಗೀತ ಗೊತ್ತಿದ್ದರೆ ಅದನ್ನೂ ತಿಳಿಸಿ.