ಆಫರ್ ಪೋಸ್ಟರ್ ಕಣ್ಣು ಕಾಣದ ಗಿರಾಕಿಗೂ ಮುಟ್ಟಬೇಕು, ಹೇಗೆ ಕಳಿಸೋದು?

ತಿಪಟೂರು ಗಾಣದಂಗಡಿ:

ಎಲ್ಲರಿಗೂ ನಮಸ್ಕಾರ. ತಿಪಟೂರಲ್ಲಿ ನಮ್ಮದೊಂದು ಸಣ್ಣ ಮರದ ಗಾಣ ಇದೆ. ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ, ಕಾಲಕ್ಕೆ ಸರಿಯಾಗಿ ಹುಚ್ಚೆಳ್ಳೆಣ್ಣೆ ಆಡಿಸ್ತೀವಿ. ಗಾಣದ ಕೆಲಸ ನಮ್ಮ ಯಜಮಾನರದ್ದು. ಗಿರಾಕಿಗಳಿಗೆ ಸುದ್ದಿ ಮುಟ್ಟಿಸೋದು, ಆರ್ಡರ್ ಬರ್ಕೊಳ್ಳೋದು ನಂದು. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಇನ್ನೂರು ಚಿಲ್ಲರೆ ಜನ ಇದ್ದಾರೆ.

ಈ ದೀಪಾವಳಿಗೆ 5 ಲೀಟರ್ ಕಡಲೆಕಾಯಿ ಎಣ್ಣೆಗೆ ಅರ್ಧ ಲೀಟರ್ ಕೊಬ್ಬರಿ ಎಣ್ಣೆ ಉಚಿತ ಅಂತ ಪೋಸ್ಟರ್ ಮಾಡಿ ಎಲ್ಲರಿಗೂ ಕಳಿಸಿದ್ದೆ. ಆಫರ್ ಮುಗಿದ ಮೂರನೇ ದಿನಕ್ಕೆ ನಮ್ಮ ಹಳೇ ಗಿರಾಕಿ ಮೇಷ್ಟ್ರು ಒಬ್ಬರು ಫೋನ್ ಮಾಡಿ 5 ಲೀಟರ್ ಹೇಳಿದ್ರು, ಪೂರ್ತಿ ದುಡ್ಡು ಕೊಟ್ಟು ತರಿಸ್ಕೊಂಡ್ರು. ಅವರಿಗೆ ಎರಡೂ ಕಣ್ಣು ಕಾಣಲ್ಲ. ಮಾರನೇ ದಿನ ಮತ್ತೆ ಫೋನ್. "ಪಕ್ಕದ ಮನೆಯವರಿಗೆ ಕೊಬ್ಬರಿ ಎಣ್ಣೆ ಬಂದಿದೆಯಂತೆ, ನನಗೆ ಯಾಕಮ್ಮ ಹೇಳಲಿಲ್ಲ?" ಕಳಿಸಿದ್ದೆ ಮೇಷ್ಟ್ರೇ ಅಂದೆ. "ಬಂತಮ್ಮ. ನನ್ನ ಫೋನು 'ಫೋಟೋ' ಅಂತ ಹೇಳಿ ಸುಮ್ಮನಾಯ್ತು. ಹಬ್ಬದ ಶುಭಾಶಯ ಇರಬೇಕು ಅಂದ್ಕೊಂಡೆ. ಹಬ್ಬದ ದಿನ ಅಂಥವು ನಲವತ್ತು ಬರ್ತಾವೆ" ಅಂದ್ರು.

ಅರ್ಧ ಲೀಟರ್ ಅವತ್ತೇ ಕಳಿಸಿಕೊಟ್ಟೆ. ಆದರೆ ಮನಸ್ಸಿಗೆ ಸಮಾಧಾನ ಆಗ್ಲಿಲ್ಲ. ಆರು ವರ್ಷದಿಂದ ನಮ್ಮ ಹತ್ರ ಎಣ್ಣೆ ತಗೊಳ್ತಿರೋರಿಗೆ ಆರು ವರ್ಷದಿಂದ ನಾನು ಏನೂ ಹೇಳದೇ ಇರೋ ಚಿತ್ರ ಕಳಿಸ್ತಾ ಬಂದಿದ್ದೀನಿ. ದರಪಟ್ಟಿ ಪಿಡಿಎಫ್ ಬಗ್ಗೆ ಕೇಳಿದೆ. ಅದನ್ನ ಫೋನು ಓದುತ್ತಂತೆ, ಆದರೆ ಒಂದಕ್ಕೊಂದು ಸಂಬಂಧ ಇಲ್ಲದ ಇಂಗ್ಲಿಷ್ ಅಕ್ಷರಗಳನ್ನಂತೆ. ಅದನ್ನ ಕಂಪ್ಯೂಟರಿನ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದು.

ಇನ್ನು ಮುಂದೆ ಹೇಗೆ ಕಳಿಸಬೇಕು? ಅವರಿಗೊಬ್ಬರಿಗೇ ಬೇರೆ ಮಾಡೋದಲ್ಲ, ಒಂದೇ ಮೆಸೇಜ್ ಎಲ್ಲರಿಗೂ ಮುಟ್ಟೋ ಹಾಗೆ ಮಾಡಬೇಕು. ಗೊತ್ತಿರೋರು ಹೇಳಿ.

ಕೋಲಾರ, ಬ್ಯಾಂಕ್ ನೌಕರ:

ಅಕ್ಕ, ನಾನು ಹುಟ್ಟಿನಿಂದ ಕಣ್ಣು ಕಾಣದವನು. ನಿಮ್ಮ ಮೇಷ್ಟ್ರು ಹೇಳಿದ್ದು ನನಗೆ ದಿನನಿತ್ಯದ ಅನುಭವ.

ನಮ್ಮ ಫೋನು ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾದರೆ ಉಳಿದದ್ದು ನಿಮಗೇ ಹೊಳೆಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬುದೊಂದು ಇರುತ್ತದೆ, ಬೇರೆ ಹಾಕಿಕೊಳ್ಳಬೇಕಿಲ್ಲ. ಬೆರಳು ಬಲಕ್ಕೆ ಸರಿಸಿದಂತೆ ಪರದೆಯ ಮೇಲಿರುವುದನ್ನು ಒಂದೊಂದಾಗಿ ಕನ್ನಡದಲ್ಲೇ ಓದಿ ಹೇಳುತ್ತದೆ. ಆಫೀಸಿನ ಕಂಪ್ಯೂಟರಿನಲ್ಲಿ ಇದೇ ಕೆಲಸಕ್ಕೆ ನಾನು ಎನ್‌ವಿಡಿಎ ಬಳಸುತ್ತೇನೆ, ಅದೂ ಉಚಿತ. ಇವು ಓದುವುದು ಅಕ್ಷರವನ್ನು. ಚಿತ್ರದೊಳಗೆ ಬರೆದ ಅಕ್ಷರ ಇವಕ್ಕೆ ಅಕ್ಷರವಲ್ಲ, ಬರೀ ಬಣ್ಣದ ಚುಕ್ಕೆಗಳು.

ಹಾಗಾಗಿ ಪೋಸ್ಟರ್ ಬಿಡಬೇಡಿ, ಕಣ್ಣಿದ್ದವರಿಗೆ ಅದು ಬೇಕು. ಅದರ ಕೆಳಗೆ ಕ್ಯಾಪ್ಷನ್ ಹಾಕುವ ಜಾಗದಲ್ಲಿ, ಪೋಸ್ಟರಿನಲ್ಲಿ ಇರುವುದನ್ನೆಲ್ಲ ಟೈಪ್ ಮಾಡಿ. "ವಿವರಗಳಿಗೆ ಪೋಸ್ಟರ್ ನೋಡಿ" ಎಂದಷ್ಟೇ ಬರೆದು ಕಳಿಸುವವರಿದ್ದಾರೆ, ಅದನ್ನು ಓದಿಸಿಕೊಂಡಾಗ ಆಗುವ ಬೇಸರ ಹೇಳಲಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಹಾಕುವುದಿದ್ದರೆ ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಬದಲು ಫೋನು ಓದಿ ಹೇಳುವ ವಿವರಣೆ, ಬರೆಯಲು ಬೇರೆಯೇ ಜಾಗ ಇದೆ. ಅಲ್ಲಿ "ಎಣ್ಣೆ ಬಾಟಲಿ" ಎಂದರೆ ಸಾಲದು, ಬೆಲೆ, ತಾರೀಖು ಅಲ್ಲೋ ಕ್ಯಾಪ್ಷನ್ನಿನಲ್ಲೋ ಎಲ್ಲಾದರೂ ಒಂದು ಕಡೆ ಇರಬೇಕು.

ಮೊದಲ ಸಾಲಿನಲ್ಲೇ ವಿಷಯ ಬರಲಿ. ನಾವು ಕಣ್ಣಾಡಿಸಿ ಹುಡುಕಲು ಆಗುವುದಿಲ್ಲ, ಮೊದಲಿಂದ ಕೇಳಿಕೊಂಡೇ ಬರಬೇಕು. ಕಳೆದ ಹಬ್ಬಕ್ಕೆ ಒಂದು ಬಟ್ಟೆ ಅಂಗಡಿಯಿಂದ ಬಂದ ಮೆಸೇಜ್ ಹತ್ತು ದೀಪದ ಇಮೋಜಿಯಿಂದ ಶುರುವಾಗಿತ್ತು. ದೀಪ ದೀಪ ದೀಪ ಎಂದು ಹತ್ತೂ ಕೇಳಿದ ಮೇಲೆ "ಮಾನ್ಯ ಗ್ರಾಹಕರೇ" ಬಂತು, ಅದಾದ ಮೇಲೆ ಮತ್ತೆ ಐದು ಹೂವು. ಇಮೋಜಿ ಬೇಕೇ ಬೇಕೆಂದರೆ ಕೊನೆಯಲ್ಲಿ ಒಂದು ಇರಲಿ. ಇಂಗ್ಲಿಷ್ ಅಕ್ಷರವನ್ನು ಬಳುಕಿಸಿ, ದಪ್ಪ ಮಾಡಿ ಕೊಡುವ ಆಪ್‌ಗಳಿವೆಯಲ್ಲ, ಅವನ್ನು ಮುಟ್ಟಲೇಬೇಡಿ. ಅವು ನಿಜವಾದ ಅಕ್ಷರಗಳಲ್ಲ, ಗಣಿತದ ಚಿಹ್ನೆಗಳು. ಫೋನು ಒಂದೊಂದನ್ನೂ ಚಿಹ್ನೆಯ ಹೆಸರು ಹಿಡಿದು ಓದುತ್ತದೆ, ಇಲ್ಲವೇ ನುಂಗಿಬಿಡುತ್ತದೆ.

ನಮ್ಮ ಕಡೆಯ ಇನ್ನೊಂದು ಅಭ್ಯಾಸ: "ತಾ||", "ಜಿ||" ಎಂದು ಬರೆಯುವುದು. ನನ್ನ ಫೋನು ಆ ಎರಡು ಗೀಟುಗಳ ಹೆಸರನ್ನೂ ಹೇಳುತ್ತದೆ. ತಾಲ್ಲೂಕು, ಜಿಲ್ಲೆ ಎಂದೇ ಬರೆಯಿರಿ. ಬೆಲೆಯ ಮುಂದೆ ಗೀಟು, ಅಡ್ಡಗೆರೆ ಬೇಡ, "320 ರೂಪಾಯಿ" ಸಾಕು. ಫೋನ್ ನಂಬರನ್ನು ಒಂದೇ ಉಸಿರಿಗೆ ಬರೆದರೆ ನನ್ನದು ಅದನ್ನು ಕೋಟಿ, ಲಕ್ಷದ ಲೆಕ್ಕದಲ್ಲಿ ಓದಿದ್ದಿದೆ. ಐದು ಅಂಕಿಯಾದ ಮೇಲೆ ಜಾಗ ಬಿಡಿ.

ಕಳಿಸುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ, ಕಣ್ಣು ಮುಚ್ಚಿ ನಿಮ್ಮ ಮೆಸೇಜನ್ನೇ ಕೇಳಿ. ಒಂದು ಎಚ್ಚರಿಕೆ: ಆನ್ ಆದ ಮೇಲೆ ಒಂದು ಸಲ ಮುಟ್ಟಿದರೆ ಹೆಸರು ಹೇಳುತ್ತದೆ, ತೆರೆಯಬೇಕಾದರೆ ಎರಡು ಸಲ ತಟ್ಟಬೇಕು, ಮೇಲೆ ಕೆಳಗೆ ಹೋಗಲು ಎರಡು ಬೆರಳು ಬೇಕು. ಇದು ಗೊತ್ತಿಲ್ಲದೆ ಆನ್ ಮಾಡಿ, ಫೋನು ಕೆಟ್ಟಿತೆಂದು ಗಾಬರಿಯಾದವರನ್ನು ಕಂಡಿದ್ದೇನೆ.

ಚಿಂತಾಮಣಿ ಡಿಟಿಪಿ:

ಪಿಡಿಎಫ್ ವಿಚಾರ ನಾನು ಹೇಳ್ತೀನಿ, ಅದು ನಮ್ಮಂಥ ಡಿಟಿಪಿಯವರ ತಪ್ಪೇ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಕಣ್ಣಿಗೆ ಕನ್ನಡ ಕಾಣುತ್ತೆ, ಒಳಗಿರೋದು ಇಂಗ್ಲಿಷ್ ಅಕ್ಷರದ ಸಂಕೇತ. ಆ ಫಾಂಟ್ ತೆಗೆದ್ರೆ ಬರೀ ಕಲಸುಮೇಲೋಗರ. ಮೇಷ್ಟ್ರ ಫೋನು ಇದ್ದದ್ದನ್ನೇ ಓದಿದೆ. ಯೂನಿಕೋಡ್‌ನಲ್ಲಿ, ಅಂದ್ರೆ ಕನ್ನಡ ಅಕ್ಷರಕ್ಕೆ ಕನ್ನಡದ್ದೇ ಸಂಕೇತ ಇರೋ ಪದ್ಧತಿಯಲ್ಲಿ ಟೈಪ್ ಮಾಡಿಸಿ, ಈಗಿನ ನುಡಿಯಲ್ಲೇ ಯೂನಿಕೋಡ್ ಇದೆ. ಹಳೇ ಫೈಲಿದ್ರೆ ಪರಿವರ್ತಕದಲ್ಲಿ ಹಾಕಿ ಬದಲಾಯಿಸಬಹುದು, ಆದ್ರೆ ಒತ್ತಕ್ಷರ, ಅರ್ಕಾವತ್ತು ಒಂದ್ಸಲ ಕಣ್ಣಾರೆ ನೋಡ್ಕೊಳ್ಳಿ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಮತ್ತೆ ಫೋಟೋನೇ. ಪರೀಕ್ಷೆ ಸುಲಭ: ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಪೇಸ್ಟ್ ಮಾಡಿ, ಕನ್ನಡವೇ ಬಂದ್ರೆ ಸರಿ.

ಪೂರ್ತಿ ಕಣ್ಣು ಕಾಣದವರಷ್ಟೇ ಅಲ್ಲ, ಮಂಜು ಮಂಜಾಗಿ ಕಾಣೋರೂ ಬಹಳ ಜನ. ಅವರಿಗೆ ಬಣ್ಣದ ಆಯ್ಕೆಯೇ ಮುಖ್ಯ. ವೆಬ್ ಪುಟಗಳಿಗೆ ಡಬ್ಲ್ಯೂಸಿಎಜಿ ಅಂತ ಒಂದು ನಿಯಮಾವಳಿ ಇದೆ. ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು ಅನ್ನುತ್ತೆ. ನಾನು ಪೋಸ್ಟರಿಗೂ ಅದನ್ನೇ ಅಳತೆ ಇಟ್ಕೊಂಡಿದ್ದೀನಿ. ಒಂದ್ಸಲ ರಾಜ್ಯೋತ್ಸವದ ಫ್ಲೆಕ್ಸ್ ಮಾಡ್ತಾ ನಮ್ಮ ಹಳದಿ ಮೇಲೆ ಕೆಂಪನ್ನೇ ಅಳೆದು ನೋಡಿದೆ. ಕಂಪ್ಯೂಟರಿನ ಅಚ್ಚ ಕೆಂಪು, ಅಚ್ಚ ಹಳದಿಗೆ 3.7 ಬಂತು. ಅಂದ್ರೆ ಶೀರ್ಷಿಕೆಗೆ ನಡೆಯುತ್ತೆ, ಕೆಳಗಿನ ಸಣ್ಣ ವಿಳಾಸಕ್ಕೆ ನಡೆಯಲ್ಲ. ಅದೇ ಹಳದಿ ಮೇಲೆ ಕಪ್ಪು ಹಾಕಿದ್ರೆ 19 ದಾಟುತ್ತೆ. ಬಿಳಿ ಮೇಲೆ ಹಳದಿ 1.07, ಇದ್ದೂ ಇಲ್ಲದ ಹಾಗೆ. ಅಳೆಯೋಕೆ ಉಚಿತ ವೆಬ್‌ಸೈಟ್‌ಗಳಿವೆ.

ಹಸಿರಿನಲ್ಲಿ ಬರೆದಿದ್ದು ಸ್ಟಾಕ್ ಇದೆ, ಕೆಂಪಿನದು ಮುಗಿದಿದೆ ಅಂತ ಬಣ್ಣದಲ್ಲೇ ಹೇಳಬೇಡಿ. ಕೆಂಪು ಹಸಿರು ಒಂದೇ ಥರ ಕಾಣೋರಿದ್ದಾರೆ. "ಮುಗಿದಿದೆ" ಅಂತ ಬರೀರಿ. ಮತ್ತೆ ದಯವಿಟ್ಟು ಕೊಬ್ಬರಿ ರಾಶಿ ಫೋಟೋ ಮೇಲೆ ಅಕ್ಷರ ಕೂರಿಸಬೇಡಿ. ನಾನು ಎಷ್ಟು ಗಿರಾಕಿಗಳಿಗೆ ಬೇಡ ಅಂತ ಹೇಳಿ ಸೋತಿದ್ದೀನಿ.

ಶಿರಾದಿಂದ ಒಬ್ಬ ಅಪ್ಪ:

ನನ್ನ ಮಗಳಿಗೆ ಕಿವಿ ಕೇಳಲ್ಲ, ಈಗ ಇಪ್ಪತ್ತೆರಡು ವರ್ಷ. ಇಲ್ಲಿ ಎಲ್ಲರೂ ಕಣ್ಣಿನ ಮಾತೇ ಆಡ್ತಿದ್ದೀರಿ, ಅದಕ್ಕೇ ಬರೀತಿದ್ದೀನಿ.

ಅಂಗಡಿಗಳು ವಿಡಿಯೋ ಹಾಕ್ತವೆ, ಒಳಗೆ ಯಾರೋ ಮಾತಾಡ್ತಾರೆ, ಹಿಂದೆ ಜೋರಾಗಿ ಹಾಡು, ಕೊನೆಗೆ "ಈ ನಂಬರಿಗೆ ಕರೆ ಮಾಡಿ". ನನ್ನ ಮಗಳಿಗೆ ಅದರಲ್ಲಿ ಸಿಗೋದು ತುಟಿ ಅಲ್ಲಾಡೋದೊಂದೇ. ಕರೆ ಮಾಡೋಕೂ ಆಗಲ್ಲ. ಹೋದ ವರ್ಷ ಅವಳು ತನ್ನ ದುಡ್ಡಲ್ಲಿ ಒಂದು ಹೊಲಿಗೆ ಮಿಷನ್ ತಗೋಬೇಕು ಅಂತ ಒಂದು ಅಂಗಡಿಗೆ ವಾಟ್ಸಾಪ್‌ನಲ್ಲಿ ಬರೆದು ಕೇಳಿದ್ಲು. "ಕಾಲ್ ಮಾಡಿ" ಅಂತ ಉತ್ತರ ಬಂತು. ನನಗೆ ಕಿವಿ ಕೇಳಲ್ಲ ಅಂತ ಬರೆದ್ಲು. "ಹಾಗಾದ್ರೆ ಮನೇಲಿ ಯಾರಾದ್ರೂ ಮಾತಾಡಲಿ" ಅಂದ್ರು. ಫೋನ್ ತಂದು ನನ್ನ ಮುಂದೆ ಇಟ್ಟು ಒಳಗೆ ಹೋದ್ಲು. ಆ ಮಿಷನ್ ನಾವು ಬೇರೆ ಕಡೆ ತಗೊಂಡ್ವಿ.

ಅಕ್ಕ, ನಿಮ್ಮ ಮೆಸೇಜ್‌ನಲ್ಲಿ "ಫೋನ್ ಮಾಡಬಹುದು, ಬರೆದೂ ಕಳಿಸಬಹುದು" ಅಂತ ಎರಡೂ ಇರಲಿ. ಬರೆದು ಕೇಳಿದವರಿಗೆ ಬರೆದೇ ಉತ್ತರ ಕೊಡಿ. ವಿಡಿಯೋ ಮಾಡಿದ್ರೆ ಮಾತಾಡಿದ್ದಷ್ಟನ್ನೂ ಕೆಳಗೆ ಅಕ್ಷರದಲ್ಲಿ ಹಾಕಿ, ಓದೋಕೆ ಸಮಯ ಆಗೋ ಅಷ್ಟು ಹೊತ್ತು ನಿಲ್ಲಿಸಿ. ಹುಟ್ಟಿನಿಂದ ಕೇಳದ ಎಷ್ಟೋ ಮಕ್ಕಳಿಗೆ ಸಂಜ್ಞಾ ಭಾಷೆಯೇ ಮೊದಲ ಭಾಷೆ, ಕನ್ನಡ ಆಮೇಲೆ ಕಲಿತದ್ದು. ಅದಕ್ಕೆ ವಾಕ್ಯ ಚಿಕ್ಕದಾಗಿರಲಿ.

ಗೌರಿಬಿದನೂರು ಬಟ್ಟೆ ಅಂಗಡಿ:

ಎಲ್ಲರೂ ಹೇಳೋದು ಒಪ್ಪುತ್ತೀನಿ. ಆದರೆ ಇನ್ನೂರು ಜನರಲ್ಲಿ ಒಬ್ಬರಿಗೋಸ್ಕರ ಇಷ್ಟೆಲ್ಲ ಮಾಡೋಕೆ ಸಣ್ಣ ಅಂಗಡಿಯವರಿಗೆ ಪುರುಸೊತ್ತು ಎಲ್ಲಿರುತ್ತೆ? ನಿಜವಾಗಿ ಕೇಳ್ತಿದ್ದೀನಿ.

ಕೋಲಾರ, ಬ್ಯಾಂಕ್ ನೌಕರ:

ಅಣ್ಣ, ಕೇಳಿದ್ದು ಒಳ್ಳೆಯದಾಯಿತು. ಆ ಒಬ್ಬರು ಫೋನ್ ಮಾಡಿ ಹೇಳಿದ್ದರಿಂದ ಅಕ್ಕನಿಗೆ ಗೊತ್ತಾಯಿತು. ಹೇಳದೆ ಬೇರೆ ಅಂಗಡಿಗೆ ಹೋದವರ ಲೆಕ್ಕ ಯಾರಿಗೂ ಸಿಗುವುದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲೇ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು. ಆಗ ಕಾನೂನಿನ ಪಟ್ಟಿಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಆದವು. ಖಾಸಗಿಯಾಗಿ ಸೇವೆ ಕೊಡುವವರೂ ಎಲ್ಲರಿಗೂ ಎಟುಕುವಂತೆ ಕೊಡಬೇಕು ಎಂದು ಅದರಲ್ಲಿ ಇದೆ.

ಕಾಯ್ದೆ ಪಕ್ಕಕ್ಕಿರಲಿ. ಪೊರೆ ಬಂದ ನನ್ನ ತಾಯಿಗೂ ನಿಮ್ಮ ಪೋಸ್ಟರಿನ ಸಣ್ಣ ಅಕ್ಷರ ಕಾಣುವುದಿಲ್ಲ, ಆದರೆ ಟೈಪ್ ಮಾಡಿದ್ದನ್ನು ಫೋನಿನಲ್ಲಿ ದೊಡ್ಡದು ಮಾಡಿಕೊಂಡು ಓದುತ್ತಾರೆ. ಬಸ್ಸಿನಲ್ಲಿ ಕೂತವರು ಸದ್ದಿಲ್ಲದೆ ವಿಡಿಯೋ ನೋಡುತ್ತಾರೆ. ಕ್ಯಾಪ್ಷನ್ ಟೈಪ್ ಮಾಡಲು ಐದು ನಿಮಿಷ ಸಾಕು. ಪೋಸ್ಟರ್ ಮಾಡಲು ನೀವು ಅದಕ್ಕಿಂತ ಹೆಚ್ಚು ಹೊತ್ತು ಕೂರುತ್ತೀರಿ.

ಚಿತ್ರ ವಿವರಿಸುವ ಆಪ್‌ಗಳು ಬಂದಿವೆಯಲ್ಲ ಎಂದು ಯಾರಾದರೂ ಹೇಳಬಹುದು. ನಾನೂ ಬಳಸುತ್ತೇನೆ. ಬಿ ಮೈ ಐಸ್ ಆಪಿನಲ್ಲಿ ಎಲ್ಲೋ ಇರುವ ಸ್ವಯಂಸೇವಕರು ವಿಡಿಯೋದಲ್ಲಿ ನೋಡಿ ಓದಿ ಹೇಳುತ್ತಾರೆ, ಅವರ ಉಪಕಾರ ದೊಡ್ಡದು. ಆದರೆ ನನ್ನೂರಿನ ಅಂಗಡಿಯ ಎಣ್ಣೆಯ ಬೆಲೆ ತಿಳಿಯಲು ನಾನು ಗುರುತಿಲ್ಲದವರನ್ನು ಯಾಕೆ ಕೇಳಬೇಕು?

ಅಕ್ಕ, ಇನ್ನೊಂದು. ನಿಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಎಲ್ಲರೂ ವಿಆರ್‌ಡಬ್ಲ್ಯೂ ಎನ್ನುತ್ತಾರೆ. ಸುತ್ತಲಿನ ಅಂಗವಿಕಲರ ಪರಿಚಯ ಅವರಿಗಿರುತ್ತದೆ. ಅವರ ಮೂಲಕ ನಾಲ್ಕು ಜನರಿಗೆ ನಿಮ್ಮ ಮೆಸೇಜ್ ತೋರಿಸಿ, ಎಲ್ಲಿ ಎಡವಿದರು ಕೇಳಿ. ನಾನು ಹೇಳಿದ್ದು ನನ್ನ ಫೋನಿನ ಕಥೆ ಮಾತ್ರ.

ತಿಪಟೂರು ಗಾಣದಂಗಡಿ:

ಎಲ್ಲರಿಗೂ ಕೈ ಮುಗೀತೀನಿ. ಎರಡು ದಿನ ಇದೇ ಕೆಲಸ ಮಾಡಿದೆ. ಟಾಕ್‌ಬ್ಯಾಕ್ ಹಾಕಿ ನನ್ನ ಹಳೇ ಮೆಸೇಜ್ ಕೇಳಿದೆ. "ಫೋಟೋ" ಅಂದು ಸುಮ್ಮನಾದಾಗ ಅಳು ಬಂತು. ದರಪಟ್ಟಿಯನ್ನ ಯೂನಿಕೋಡ್‌ನಲ್ಲಿ ನಾನೇ ಮತ್ತೆ ಟೈಪ್ ಮಾಡಿದ್ದೀನಿ. ಶಿರಾದ ಅಣ್ಣಾವ್ರೇ, ನಿಮ್ಮ ಮಗಳ ವಿಷಯ ಓದಿದ ಮೇಲೆ ಅಂಗಡಿ ಬೋರ್ಡಿನಲ್ಲೂ "ಬರೆದು ಕೇಳಬಹುದು" ಅಂತ ಸೇರಿಸೋಕೆ ಹೇಳಿದ್ದೀನಿ.

ಹೊಸ ಮೆಸೇಜ್ ಮೊದಲು ಮೇಷ್ಟ್ರಿಗೆ ಕಳಿಸಿದೆ. ಪೂರ್ತಿ ಕೇಳಿಸ್ತು ಅಂದ್ರು. ಆಮೇಲೆ ಅವರೇ ಇನ್ನೊಂದು ಹೇಳಿದ್ರು. ನಮ್ಮ ಬಾಟಲಿಗಳೆಲ್ಲ ಒಂದೇ ಆಕಾರ, ಮನೆಗೆ ಬಂದ ಮೇಲೆ ಯಾವುದು ಕೊಬ್ಬರಿದು ಯಾವುದು ಕಡಲೆಕಾಯಿದು ಅಂತ ಪ್ರತಿ ಸಲ ಮುಚ್ಚಳ ತೆಗೆದು ಮೂಸಿ ನೋಡ್ತಾರಂತೆ. ಕೊಬ್ಬರಿ ಎಣ್ಣೆ ಬಾಟಲಿ ಕುತ್ತಿಗೆಗೆ ಒಂದು ರಬ್ಬರ್ ಬ್ಯಾಂಡ್, ಕಡಲೆಕಾಯಿಗೆ ಎರಡು, ಹುಚ್ಚೆಳ್ಳಿಗೆ ಮೂರು ಹಾಕಿದ್ರೆ ಸಾಕು ಅಂದ್ರು. ಇವತ್ತಿಂದ ಎಲ್ಲರ ಬಾಟಲಿಗೂ ಹಾಕ್ತಿದ್ದೀವಿ.

ಮುಂದಿನ ವಾರಕ್ಕೆ ಬರೆದಿರೋದು ಇದು, ಪೋಸ್ಟರಿನಲ್ಲೂ ಇಷ್ಟೇ ಇರುತ್ತೆ. ತಪ್ಪಿದ್ರೆ ತಿದ್ದಿ:

"ಹೊಸ ಹುಚ್ಚೆಳ್ಳೆಣ್ಣೆ ಸೋಮವಾರದಿಂದ ಸಿಗುತ್ತದೆ. ಅರ್ಧ ಲೀಟರ್ ಮತ್ತು 1 ಲೀಟರ್ ಬಾಟಲಿ ಇದೆ. ಬಾಟಲಿಯ ಕುತ್ತಿಗೆಗೆ ಮೂರು ರಬ್ಬರ್ ಬ್ಯಾಂಡ್ ಇರುತ್ತದೆ. ಇದೇ ನಂಬರಿಗೆ ಫೋನ್ ಮಾಡಬಹುದು, ಇಲ್ಲೇ ಬರೆದೂ ಕಳಿಸಬಹುದು. ತಿಪಟೂರು ಪೇಟೆಯೊಳಗೆ ಮನೆಗೆ ತಂದು ಕೊಡುತ್ತೇವೆ."