ಮಗಳ ಓದಿಗೆ ಲ್ಯಾಪ್‌ಟಾಪ್: 14 ಇಂಚಿನದೋ, 15.6 ಇಂಚಿನದೋ?

ಹೊಲಿಗೆಕೋಣೆ_ಮಂಡ್ಯ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದ ಗುತ್ತಲು ಕಡೆಯವಳು. ಮನೆಯಲ್ಲೇ ಬ್ಲೌಸು, ಚೂಡಿದಾರ್ ಹೊಲಿದು ಕೊಡ್ತೀನಿ. ಮಗಳು ಬಿ.ಕಾಂ ಎರಡನೇ ವರ್ಷ. ಮಧ್ಯಾಹ್ನ ಎರಡು ಗಂಟೆಗೆಲ್ಲ ಕಾಲೇಜಿಂದ ಬಂದುಬಿಡ್ತಾಳೆ. ಸಂಜೆ ಆರರಿಂದ ಒಂಬತ್ತರವರೆಗೆ ಸಿ.ಎ. ಫೌಂಡೇಶನ್ನಿನ ಆನ್‌ಲೈನ್ ಕ್ಲಾಸು. ಇಲ್ಲೀವರೆಗೂ ಮೊಬೈಲಲ್ಲೇ ನೋಡಿದಳು. ಲೆಡ್ಜರಿನ ಅಂಕಿ ಕಾಣಲ್ಲ ಅಂತ ಫೋನನ್ನ ಮೂಗಿನ ಹತ್ತಿರ ಹಿಡ್ಕೊಂಡು ಕೂತಿರ್ತಾಳೆ, ಪಕ್ಕದಲ್ಲಿ ಮಿಷನ್ ತುಳಿಯೋ ನನಗೆ ಅದನ್ನ ನೋಡಿದಾಗಲೆಲ್ಲ ಹೊಟ್ಟೆ ಕಿವುಚಿದ ಹಾಗಾಗುತ್ತೆ. ಈ ಸಲ ಚೀಟಿ ಎತ್ತಿದೆ. 50,000 ಇದೆ ಕೈಯಲ್ಲಿ.

ಹೋದ ಶನಿವಾರ ಇಬ್ಬರೂ ಅಂಗಡಿಗೆ ಹೋದ್ವಿ. ಅಲ್ಲಿದ್ದ ಹುಡುಗ "15.6 ತಗೊಳ್ಳಿ ಮೇಡಂ, ಎಲ್ಲರೂ ಅದನ್ನೇ ತಗೊಳ್ಳೋದು" ಅಂದ. ಬ್ಯಾಗಲ್ಲಿ ಯಾವಾಗಲೂ ಟೇಪ್ ಇರುತ್ತೆ, ತೆಗೆದು ಪರದೆ ಅಳೆದೆ. ಅಗಲ ಹದಿಮೂರೂವರೆ ಚಿಲ್ಲರೆ ಬಂತು. ಇನ್ನೆರಡು ಇಂಚು ಎಲ್ಲಿ ಅಂತ ಕೇಳಿದ್ದಕ್ಕೆ, ಮೂಲೆಯಿಂದ ಮೂಲೆಗೆ ಅಳೀಬೇಕು ಅಂದ. ಓರೆ ಹಿಡಿದೆ, ಸರಿಯಾಗಿ ಬಂತು. ಕ್ರಾಸ್ ಪೀಸ್ ಕತ್ತರಿಸೋಳಿಗೆ ಓರೆ ಅಳತೆ ಹೊಸದಲ್ಲ. ಆದರೆ ಬರೀ ಓರೆ ಅಳತೆ ಇಟ್ಕೊಂಡು ಯಾರೂ ಬ್ಲೌಸ್ ಹೊಲಿಯಲ್ಲ. ಅಗಲ ಎಷ್ಟು, ಎತ್ತರ ಎಷ್ಟು ಅಂತ ಗೊತ್ತಾಗಬೇಕು. ಅದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ವಾಪಸ್ ಬಂದ್ವಿ.

ಅವಳು ಓದೋದು ನನ್ನ ಹೊಲಿಗೆ ಕೋಣೆಯಲ್ಲಿ. ಗೋಡೆಗೆ ಕೂರಿಸಿದ ಕಡಪ ಕಲ್ಲಿನ ಹಲಗೆ ಒಂದಿದೆ, 26 ಇಂಚು ಉದ್ದ, 16 ಇಂಚು ಅಗಲ. ಎರಡೂ ಕಡೆ ಗೋಡೆ, ಒಂದಿಂಚೂ ಬೆಳೆಸೋ ಹಾಗಿಲ್ಲ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಅವಳ ನೋಟ್ ಪುಸ್ತಕ ಇಡೋಕೆ ಜಾಗ ಬೇಕು, ಲೆಕ್ಕ ಎಲ್ಲ ಕೈಯಲ್ಲೇ ಬರೆದು ಅಭ್ಯಾಸ ಮಾಡ್ಬೇಕಂತೆ. ಮಗಳಿಗೆ 15.6 ಬೇಕು, ಅದರ ಕೀಬೋರ್ಡಲ್ಲಿ ಅಂಕಿಗಳು ಬಲಗಡೆ ಬೇರೆಯಾಗಿ ಇರ್ತಾವೆ, ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಗೆ ಸಲೀಸು ಅಂತಾಳೆ. ನಮ್ಮನೆಯವರು ಚಿಕ್ಕದೇ ಸಾಕು ಅಂತಾರೆ. ಯಾವಾಗಲಾದರೂ ಒಂದು ದಿನ ಕಾಲೇಜಿಗೆ ಒಯ್ಯಬಹುದು, ಮಿಕ್ಕಂತೆ ಅದು ಮನೆ ಬಿಟ್ಟು ಹೋಗಲ್ಲ.

ಅವಳ ಕಣ್ಣಿಗೆ ಯಾವುದು ಒಳ್ಳೇದು? ಹಲಗೆ ಮೇಲೆ ಯಾವುದು ಕೂರುತ್ತೆ? ತಿಳಿದೋರು ದಯವಿಟ್ಟು ಹೇಳಿ.

ಸರಸ್ವತಿಪುರಂ_ರಿಪೇರಿ:

ಅಕ್ಕ, ನಾನು ಮೈಸೂರಲ್ಲಿ 14 ವರ್ಷದಿಂದ ಲ್ಯಾಪ್‌ಟಾಪ್ ರಿಪೇರಿ ಮಾಡ್ತಿದ್ದೀನಿ. ಟೇಪ್ ಹಿಡಿದು ನೋಡಿದ್ದು ಬಹಳ ಒಳ್ಳೇದು ಮಾಡಿದ್ರಿ.

ಪರದೆ ಹೆಚ್ಚಾಗಿ ಎರಡು ಆಕಾರದಲ್ಲಿ ಬರ್ತವೆ. 16:9 ಅಂದ್ರೆ ಅಗಲ 16 ಪಾಲಾದ್ರೆ ಎತ್ತರ 9 ಪಾಲು. 16:10ರಲ್ಲಿ ಎತ್ತರ ಒಂದು ಪಾಲು ಜಾಸ್ತಿ. 15.6 ಇಂಚಿನವು ಬಹುಪಾಲು 16:9. ಅದರ ಪರದೆ 13.6 ಇಂಚು ಅಗಲ, 7.65 ಎತ್ತರ. 14 ಇಂಚಿನದು 16:9 ಆದ್ರೆ 12.2 ಅಗಲ, 6.9 ಎತ್ತರ, ಇದು ನಿಜವಾಗಲೂ ಗಿಡ್ಡ. ಅದೇ 14 ಇಂಚು 16:10 ಆದ್ರೆ 11.9 ಅಗಲ, 7.4 ಎತ್ತರ. ಎತ್ತರದಲ್ಲಿ ದೊಡ್ಡದಕ್ಕೂ ಇದಕ್ಕೂ ಕಾಲು ಇಂಚೂ ವ್ಯತ್ಯಾಸ ಇಲ್ಲ ನೋಡಿ. ಪುಟ ಓದೋರಿಗೆ ಎತ್ತರ ಮುಖ್ಯ. ಅಂಗಡಿಯ ಬೋರ್ಡಲ್ಲಿ ಆಕಾರ ಬರೆದಿಲ್ಲದಿದ್ರೆ ಪಿಕ್ಸೆಲ್ (ಪರದೆಯ ಚುಕ್ಕಿ) ಲೆಕ್ಕ ನೋಡಿ: 1920 x 1200 ಇದ್ರೆ 16:10, 1920 x 1080 ಇದ್ರೆ 16:9.

ಹಲಗೆ ಮೇಲೆ ಕೂರೋದು ಪರದೆ ಅಲ್ಲ, ಇಡೀ ಮೈ. 15.6ರದ್ದು ಸುಮಾರು 14 ಕಾಲು ಇಂಚು ಅಗಲ ಇರುತ್ತೆ, 14ರದ್ದು ಹನ್ನೆರಡೂವರೆ. ಮಾಡೆಲ್ ಮೇಲೆ ಸ್ವಲ್ಪ ಹೆಚ್ಚುಕಡಿಮೆ. ತೂಕ ಮನೆಯಲ್ಲೇ ಇರೋದಕ್ಕೆ ದೊಡ್ಡ ವಿಷಯ ಅಲ್ಲ.

ಸೈಜಿಗಿಂತ ಮೊದಲು ನೋಡಬೇಕಾದ್ದು ಪರದೆ ಐಪಿಎಸ್ (ಯಾವ ಕಡೆಯಿಂದ ನೋಡಿದ್ರೂ ಬಣ್ಣ ಕೆಡದ ಬಗೆ) ಹೌದಾ ಅನ್ನೋದು. ಕಡಿಮೆ ಬೆಲೆಯ ಕೆಲವು ದೊಡ್ಡ ಲ್ಯಾಪ್‌ಟಾಪಲ್ಲಿ ಟಿಎನ್ ಅನ್ನೋ ಅಗ್ಗದ ಬಗೆಯ ಪರದೆ ಹಾಕಿರ್ತಾರೆ. ಅಂಗಡಿಯಲ್ಲಿ ಬಗ್ಗಿ ಕೆಳಗಿನಿಂದ ನೋಡಿ, ಎದ್ದು ನಿಂತು ಮೇಲಿನಿಂದ ನೋಡಿ. ಬಣ್ಣ ಕಪ್ಪಾಗೋದು, ಬೆಳ್ಳಗಾಗೋದು ಆದ್ರೆ ಬೇಡ. ಕನ್ನಡಿ ಥರ ಮಿಂಚೋ ಪರದೆಯೂ ಬೇಡ, ಹಿಂದಿರೋ ಟ್ಯೂಬ್‌ಲೈಟ್ ಅದರಲ್ಲೇ ಕಾಣುತ್ತೆ.

ಇನ್ನೊಂದು ಮಾತು, ಹೊಲಿಗೆ ಕೋಣೆ ಅಂದಿದ್ದಕ್ಕೆ ಹೇಳ್ತಿದ್ದೀನಿ. ಟೈಲರ್ ಅಂಗಡಿಗಳಿಂದ ನನ್ನ ಹತ್ರ ಬಂದ ಲ್ಯಾಪ್‌ಟಾಪ್ ಬಿಚ್ಚಿದ್ರೆ ಫ್ಯಾನ್ ಒಳಗೆ ಬಟ್ಟೆಯ ನವಿರು ಹತ್ತಿಯ ಹಾಗೆ ಕೂತಿರುತ್ತೆ. ಗಾಳಿ ಹೋಗೋ ದಾರಿ ಮುಚ್ಚಿ ಬಿಸಿಯಾಗಿ, ಲ್ಯಾಪ್‌ಟಾಪ್ ನಿಧಾನ ಆಗುತ್ತೆ. ಕೆಲಸ ಇಲ್ಲದಾಗ ಆಫ್ ಮಾಡಿ ಮುಚ್ಚಿಡಿ. ವರ್ಷಕ್ಕೊಂದು ಸಲ ಬಿಚ್ಚಿಸಿ ಕ್ಲೀನ್ ಮಾಡಿಸಿ. ಹಾಸಿಗೆ ಮೇಲಂತೂ ಇಡಲೇಬೇಡಿ.

ಪಟ್ಟಣದ_ಹುಡುಗಿ:

ಆಂಟಿ, ನಾನು ಶ್ರೀರಂಗಪಟ್ಟಣದವಳು, ಬಿ.ಕಾಂ ಕೊನೆ ವರ್ಷ. ನನ್ನ ಹತ್ರ ಇರೋದು 15.6, ನಂಬರ್ ಪ್ಯಾಡ್ ಇರೋದು. ಟ್ಯಾಲಿಯಲ್ಲಿ ವೋಚರ್ ಹಾಕುವಾಗ ಸುಖ, ಸುಳ್ಳು ಹೇಳಲ್ಲ. ಆದರೆ ನಂಬರ್ ಪ್ಯಾಡಿಗೆ ಜಾಗ ಬಿಟ್ಟು ಅಕ್ಷರಗಳೂ ಟಚ್‌ಪ್ಯಾಡೂ ಎಡಕ್ಕೆ ಸರಿದಿರ್ತವೆ. ಟೈಪ್ ಮಾಡೋಕೆ ಕೂತ್ರೆ ಪರದೆಯ ಮಧ್ಯಕ್ಕೆ ಎದುರಾಗಿ ಕೂರೋಕಾಗಲ್ಲ, ಸ್ವಲ್ಪ ಓರೆ. ಮೂರು ಗಂಟೆ ಕೂತು ಪ್ರಾಜೆಕ್ಟ್ ರಿಪೋರ್ಟ್ ಬರೆದ ದಿನ ಕುತ್ತಿಗೆ ಹಿಡ್ಕೊಂಡಿತ್ತು. ನಂಬರ್ ಪ್ಯಾಡ್ ಬೇರೆಯಾಗೇ ಸಿಗುತ್ತೆ, ಯುಎಸ್‌ಬಿಗೆ ಚುಚ್ಚೋದು, ಅಂಗೈ ಅಗಲ. ಬೇಕಾದಾಗ ಇಟ್ಕೊಳ್ಳಬಹುದು, ಬೇಡದಾಗ ಎತ್ತಿಡಬಹುದು. ನನಗೆ ಆಮೇಲೆ ಗೊತ್ತಾಯ್ತು.

ಕುವೆಂಪುನಗರ_ಮೇಷ್ಟ್ರು:

ತಾಯಿ, ಮೇಲಿನವರು ಹೇಳಿದ್ದು ಬಹುತೇಕ ಸರಿ, ಆದರೆ ನಾನು 15.6ರ ಪರವಾಗಿ ಒಂದು ಮಾತು ಹೇಳಲೇಬೇಕು. ಕಾಮರ್ಸ್ ಪಾಠ ಮಾಡುತ್ತೇನೆ, ಮಕ್ಕಳು ಎಕ್ಸೆಲ್ ಶೀಟಿಗೆ ಮುಖ ಅಂಟಿಸಿಕೊಂಡು ಕೂರುವುದನ್ನು ದಿನವೂ ನೋಡುತ್ತೇನೆ.

ವಿಂಡೋಸ್‌ನಲ್ಲಿ ಅಕ್ಷರದ ಗಾತ್ರ ಹಿಗ್ಗಿಸುವ ಸೆಟ್ಟಿಂಗ್ ಇದೆ. 15.6ರಲ್ಲಿ ಸಾಮಾನ್ಯವಾಗಿ 125 ಪರ್ಸೆಂಟ್ ಇರುತ್ತದೆ, 14ರಲ್ಲಿ 150. 150ಕ್ಕೆ ಇಟ್ಟರೆ ಅಕ್ಷರವೇನೋ ದೊಡ್ಡದಾಗುತ್ತದೆ, ಆದರೆ ಎಕ್ಸೆಲ್‌ನಲ್ಲಿ ಪಕ್ಕಕ್ಕೆ ನಾಲ್ಕು ಕಾಲಂ ಕಡಿಮೆ ಕಾಣುತ್ತವೆ. ಅದನ್ನೂ 125ಕ್ಕೆ ಇಳಿಸಿದರೆ ಕಾಲಂ ಎಲ್ಲ ಬರುತ್ತವೆ, 16:10ರ ಪರದೆಯಲ್ಲಿ ಅಕ್ಷರ ಮಾತ್ರ ದೊಡ್ಡ ಪರದೆಯದಕ್ಕಿಂತ ಎಂಟರಲ್ಲಿ ಒಂದು ಪಾಲು ಸಣ್ಣದಾಗುತ್ತದೆ. ಮನೆಯಲ್ಲಿ ಇರುವುದು ಇದೊಂದೇ ಪರದೆ, ದಿನಕ್ಕೆ ಮೂರು ಗಂಟೆ, ಅದೂ ಅಂಕಿಗಳು. ಆ ಒಂದು ಪಾಲು ಕಣ್ಣಿಗೆ ದೊಡ್ಡದು. ಹಾಗಾಗಿ ಅಂಗಡಿಯಲ್ಲಿ ಸುಂದರವಾದ ಚಿತ್ರ ತೋರಿಸಿದರೆ ನೋಡಬೇಡಿ. ಎರಡರಲ್ಲೂ ಒಂದೇ ಶೀಟ್ ತೆರೆಸಿ, ಎರಡನ್ನೂ 125ಕ್ಕೆ ಇಡಿಸಿ, ಮಗಳನ್ನು ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕೂರಿಸಿ ಓದಿಸಿ. ಅವಳ ಕಣ್ಣೇ ಹೇಳಬೇಕು.

14 ತೆಗೆದುಕೊಂಡರೂ ಎಚ್‌ಡಿಎಂಐ ಕಿಂಡಿ (ಬೇರೆ ಪರದೆಯ ವೈರ್ ಚುಚ್ಚುವ ಜಾಗ) ಇರುವುದನ್ನೇ ನೋಡಿ. ಮುಂದೆ ಕೈಯಲ್ಲಿ ದುಡ್ಡು ಆಡಿದಾಗ 22 ಅಥವಾ 24 ಇಂಚಿನ ಮಾನಿಟರ್ ಗೋಡೆಗೆ ಹಾಕಿಕೊಳ್ಳಬಹುದು.

ಹೊಲಿಗೆಕೋಣೆ_ಮಂಡ್ಯ:

ಇಷ್ಟೊಂದು ಬಿಡಿಸಿ ಹೇಳಿದ್ದೀರಿ, ಯಾರೂ ಪರಿಚಯ ಇಲ್ಲದೋರು. ಏನು ಮಾಡಿದ್ವಿ ಅಂತ ಹೇಳ್ತೀನಿ, ನನ್ನ ಥರ ಗೊಂದಲದಲ್ಲಿ ಇರೋರಿಗೆ ಉಪಯೋಗ ಆಗಬಹುದು.

ಮೊದಲು ಸೀರೆ ಡಬ್ಬದ ರಟ್ಟು ತಗೊಂಡು ಎರಡೂ ಸೈಜ್ ಕತ್ತರಿಸಿದೆ. ಹೊಸ ಬ್ಲೌಸಿಗೆ ಪೇಪರ್ ಕಟಿಂಗ್ ಮಾಡ್ತೀವಲ್ಲ, ಹಾಗೇ. ದೊಡ್ಡ ರಟ್ಟು ಹಲಗೆ ಮೇಲಿಟ್ಟು ಪಕ್ಕದಲ್ಲಿ ಅವಳ ನೋಟ್ ಪುಸ್ತಕ ಇಟ್ಟೆ. ಅದು ಎ4 ಸೈಜು, ಎಂಟು ಕಾಲು ಇಂಚಿನ ಮೇಲೆ ಒಂದು ಕೂದಲು. ಉಳಿದಿದ್ದು ಮೂರೂವರೆ ಇಂಚೂ ಇಲ್ಲ. ಮೌಸ್ ಇಟ್ಟು ಕೈ ಆಡಿಸೋಕೆ ಹೋದ್ರೆ ಗೋಡೆಗೆ ಬಡಿಯುತ್ತೆ. ಚಿಕ್ಕ ರಟ್ಟು ಇಟ್ಟಾಗ ಐದು ಇಂಚು ಉಳೀತು, ಮೌಸ್ ಆರಾಮಾಗಿ ಓಡಾಡ್ತು. ಮಗಳು ಎರಡು ದಿನ ರಟ್ಟನ್ನೇ ಇಟ್ಕೊಂಡು ಬರೆದಳು. ಎರಡನೇ ದಿನ ಅವಳೇ "ದೊಡ್ಡದು ಬೇಡ ಕಣಮ್ಮ, ಮೊಣಕೈ ಇಡಕ್ಕಾಗಲ್ಲ" ಅಂದಳು.

ಮೇಷ್ಟ್ರು ಹೇಳಿದ್ದು ಮಾತ್ರ ಮನಸ್ಸಲ್ಲಿ ಕೊರೀತಾನೇ ಇತ್ತು. ಹಾಗಾಗಿ ಮೈಸೂರಿಗೇ ಹೋದ್ವಿ, ದೇವರಾಜ ಅರಸು ರಸ್ತೆಗೆ, ಬೆಳಗಿನ ರೈಲಲ್ಲಿ. ಮನೆಯಲ್ಲಿ ಅವಳ ಕಣ್ಣಿಂದ ಹಲಗೆಯ ಹಿಂಬದಿಗೆ 22 ಇಂಚು ಅಂತ ಅಳೆದು ಬರೆದುಕೊಂಡಿದ್ದೆ. ಅಂಗಡಿಯಲ್ಲಿ ಅಷ್ಟೇ ದೂರ ಟೇಪ್ ಹಿಡಿದು ಕೂರಿಸಿದೆ. 15.6ರಲ್ಲೂ ಎರಡು ಆಕಾರದ 14ರಲ್ಲೂ ಅವಳ ಪೆನ್‌ಡ್ರೈವಿನ ಟ್ರಯಲ್ ಬ್ಯಾಲೆನ್ಸ್ ಅನ್ನೋ ಲೆಕ್ಕದ ಪಟ್ಟಿ ತೆರೆಸಿದ್ವಿ. 14ರ 16:9 ಪರದೆಯಲ್ಲಿ ಕೆಳಗಿನ ಸಾಲು ನೋಡೋಕೆ ಮತ್ತೆ ಮತ್ತೆ ಸರಿಸಬೇಕಾಯ್ತು, ಅದು ಅಲ್ಲೇ ಬಿಟ್ವಿ. 16:10ರಲ್ಲಿ 125ಕ್ಕೆ ಇಟ್ಟು ಅಂಕಿ ಎಲ್ಲ ತಡವರಿಸದೆ ಓದಿದಳು. 15.6 ಇನ್ನೂ ಸಲೀಸು ಅಂದಳು, ಅದು ನಿಜ, ಮೇಷ್ಟ್ರ ಮಾತು ಸುಳ್ಳಲ್ಲ. ಹಲಗೆ ನಮ್ಮದು ಚಿಕ್ಕದು ಅಷ್ಟೆ. ಅವಳಿಗೆ ಕನ್ನಡಕ ಬೇಕೇನೋ ಅನ್ನೋ ಅನುಮಾನ ನನಗೆ ಮೊದಲಿಂದಲೂ ಇತ್ತು, ಬರೋ ವಾರ ಕಣ್ಣು ತೋರಿಸ್ತೀನಿ. ಪರದೆ ಎಷ್ಟು ದೊಡ್ಡದಾದ್ರೂ ಅದನ್ನ ಮುಂದಕ್ಕೆ ಹಾಕೋ ಹಾಗಿಲ್ಲ.

14 ಇಂಚು, 16:10, ಐಪಿಎಸ್, ಮಿಂಚದ ಪರದೆ, 16 ಜಿಬಿ ರ್‍ಯಾಮ್, ಎಚ್‌ಡಿಎಂಐ ಇದೆ. ಚೀಟಿ ದುಡ್ಡಿನ ಮೇಲೆ 2,700 ಸೇರಿಸಬೇಕಾಯ್ತು. ಇದೇ ಸೌಕರ್ಯದ 15.6 ಅದಕ್ಕಿಂತ ಕಡಿಮೆಗೇ ಸಿಕ್ತಿತ್ತು, ಚಿಕ್ಕದಕ್ಕೆ ಬೆಲೆ ಜಾಸ್ತಿ ಅಂತ ನನಗೆ ಗೊತ್ತೇ ಇರಲಿಲ್ಲ. ಆಮೇಲೆ ನಂಬರ್ ಪ್ಯಾಡ್ ಒಂದು ಬೇರೆ ತಂದ್ವಿ. ಟ್ಯಾಲಿ ಮಾಡುವಾಗ ನೋಟ್ ಪುಸ್ತಕ ಬೇಡ, ಪುಸ್ತಕದ ಜಾಗದಲ್ಲಿ ಪ್ಯಾಡ್ ಕೂರುತ್ತೆ. ಪಟ್ಟಣದ ಮಗು, ನಿನಗೆ ಒಳ್ಳೇದಾಗಲಿ.

ಸರಸ್ವತಿಪುರಂ_ರಿಪೇರಿ:

ಒಳ್ಳೇ ಆಯ್ಕೆ ಅಕ್ಕ. ಮುಚ್ಚೋಕೆ ಏನು ಮಾಡಿದ್ರಿ? ಟವೆಲ್ ಹಾಕಬೇಡಿ, ಅದರಿಂದಲೇ ನವಿರು ಉದುರುತ್ತೆ.

ಹೊಲಿಗೆಕೋಣೆ_ಮಂಡ್ಯ:

ಟವೆಲ್ ಅಲ್ಲಪ್ಪ. ಲೈನಿಂಗಿಗೆ ತಂದಿದ್ದ ಟೂ ಬೈ ಟೂ ಬಟ್ಟೆ ಮಿಕ್ಕಿತ್ತು, ನೇಯ್ಗೆ ಒತ್ತಾಗಿದೆ, ನೂಲು ಬಿಡಲ್ಲ. ಎರಡು ಪದರ ಹಾಕಿ ಚೀಲ ಹೊಲಿದೆ. ಅಂಚೆಲ್ಲ ಒಳಗೆ ಮಡಚಿದ್ದೀನಿ. 14 ಇಂಚಿನದಕ್ಕೆ ಹೊಲಿಯೋರು ಇದ್ರೆ ಅಳತೆ ಬರ್ಕೊಳ್ಳಿ: ಹೊಲಿದ ಮೇಲೆ ಹದಿಮೂರೂವರೆ ಅಗಲ, ಹತ್ತು ಎತ್ತರ ಬರಬೇಕು, ಸುತ್ತ ಹೊಲಿಗೆಗೆ ಅರ್ಧ ಇಂಚು ಬಿಡಿ, ಮೇಲಿನ ಮುಚ್ಚಳಕ್ಕೆ ನಾಲ್ಕು ಇಂಚು ಬೇರೆ. ಜಿಪ್ ಬೇಡ, ಮೈ ಗೀರುತ್ತೆ. ಲಾಡಿ ಸಾಕು.